ಪ್ರಾಸಬದ್ಧ ಶಾಪ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಅರ್ಧಕ್ಕೆ ನಿಂತ ಶಾಪದ ಕತೆಯನ್ನು ಬರೆದು ಕಳಿಸು ಅಂದಿದ್ದೆಯಲ್ಲ, ತಗೋ.

ಶಾಪ ತಿಂದವನ ಹೆಸರು ಉರ್ಸ್ ಡಬೆಟೋ. ಈಗಿನ ಫ್ರಾನ್ಸಿನ ನಾರ್ಮಂಡಿಯವನು. ಉರ್ಸ್ ಅಂದರೆ ಕರಡಿ, ಲ್ಯಾಟಿನ್ ಮೂಲದ ಹೆಸರು. 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡ್ ಗೆದ್ದನಲ್ಲ, ಅದಾದ ಮೂರು ವರ್ಷದೊಳಗೆ ಈತ ಅಲ್ಲಿನ ವುಸ್ಟರ್‌ಶೈರ್ ಜಿಲ್ಲೆಯ ಶೆರೀಫ್. ರಾಜನ ಕಂದಾಯ, ನ್ಯಾಯ, ಕೋಟೆ ಕಾವಲು ಎಲ್ಲಾ ಒಬ್ಬನ ಕೈಯಲ್ಲಿ. ಇನ್ನು ಕೇಳಬೇಕಾ?

ವುಸ್ಟರ್‌ನಲ್ಲಿ ಸೆವರ್ನ್ ನದಿಯ ದಂಡೆಗೆ ಕೋಟೆ ಕಟ್ಟಿಸಿದ. ಅದರ ಕಂದಕ ಪಕ್ಕದ ಮಠದ ಸ್ಮಶಾನಕ್ಕೇ ನುಗ್ಗಿತು. ಸನ್ಯಾಸಿಗಳು ಹೋಗಿ ಆರ್ಚ್‌ಬಿಷಪ್ ಎಲ್ಡ್ರೆಡ್‌ಗೆ ದೂರು ಹೇಳಿದರು. ವಿಲಿಯಂ ತಲೆಗೆ ಕಿರೀಟ ಇಟ್ಟವನೇ ಈ ಎಲ್ಡ್ರೆಡ್. ಹೆದರುವ ಆಸಾಮಿ ಅಲ್ಲ. ಬಂದು, ಉರ್ಸ್‌ನ ಎದುರೇ ನಿಂತು, ಅಂದಿನ ಇಂಗ್ಲಿಷಿನಲ್ಲಿ ಶಪಿಸಿದ: ‘ಹ್ಯಾಟೆಸ್ಟ್ ದು ಉರ್ಸ್, ಹಾವೆ ದು ಗೋಡೆಸ್ ಕುರ್ಸ್.’ ನಿನ್ನ ಹೆಸರು ಉರ್ಸ್, ದೇವರ ಶಾಪ ನಿನಗೆ ತಟ್ಟಲಿ ಅಂತ. ಅಷ್ಟು ಸಿಟ್ಟಿನಲ್ಲೂ ಪ್ರಾಸ ಬಿಡಲಿಲ್ಲ ಪುಣ್ಯಾತ್ಮ! ನಿನ್ನ ಸಂತಾನಕ್ಕೆ ಈ ನೆಲ ಬಹಳ ದಿನ ದಕ್ಕುವುದಿಲ್ಲ ಅಂತಲೂ ಸೇರಿಸಿದ.

ಎಲ್ಡ್ರೆಡ್ 1069ರಲ್ಲೇ ತೀರಿಕೊಂಡ. ಉರ್ಸ್‌ಗೆ ಏನೂ ಆಗಲಿಲ್ಲ. 1075ರಲ್ಲಿ ಹೆರಿಫರ್ಡಿನ ಅರ್ಲ್, ಅಂದರೆ ಅಲ್ಲಿನ ದೊಡ್ಡ ಸಾಮಂತ, ರಾಜನ ವಿರುದ್ಧ ದಂಗೆ ಎದ್ದಾಗ, ಅವನು ಸೆವರ್ನ್ ದಾಟದಂತೆ ತಡೆದವರಲ್ಲಿ ಇವನೂ ಒಬ್ಬ. ಜೊತೆಗೆ ನಿಂತವನು ಅದೇ ವುಸ್ಟರ್ ಮಠದ ಬಿಷಪ್ ವುಲ್ಫ್‌ಸ್ಟನ್! ಹಾಗಂತ ಮಠದ ಜಮೀನು ನುಂಗುವುದನ್ನು ಉರ್ಸ್ ಬಿಡಲಿಲ್ಲ. ಹೆಮ್ಮಿಂಗ್ ಎಂಬ ಸನ್ಯಾಸಿ ಮಠದ ದಾಖಲೆಗಳ ಜೊತೆ ಆ ಗೋಳನ್ನೆಲ್ಲ ಬರೆದಿಟ್ಟಿದ್ದಾನೆ. 1108ರವರೆಗೂ ಉರ್ಸ್ ಬದುಕಿದ್ದ.

ಪೆಟ್ಟು ಬಿದ್ದದ್ದು ಮಗ ರೋಜರ್‌ಗೆ. ರಾಜನ ನೌಕರನೊಬ್ಬನನ್ನು ಕೊಲ್ಲಿಸಿ, ಆಸ್ತಿ ಕಳೆದುಕೊಂಡು ಗಡೀಪಾರಾದ. ನೋಡಿ, ಶಾಪ ಫಲಿಸಿತು ಅಂತಾನೆ ಈ ಕತೆ ಬರೆದಿಟ್ಟ ಸನ್ಯಾಸಿ-ಇತಿಹಾಸಕಾರ, ಮಾಲ್ಮ್ಸ್‌ಬರಿಯ ವಿಲಿಯಂ. ಆದರೆ ಅವನು ಬರೆದದ್ದು 1125ರ ಸುಮಾರಿಗೆ, ರೋಜರ್ ಕತೆ ಮುಗಿದ ಮೇಲೆ. ಸಂತಾನದ ಬಗೆಗಿನ ಆ ಎರಡನೇ ಮಾತು ಆಮೇಲೆ ಅಂಟಿಸಿದ್ದು ಅಂತ ನನಗೆ ಗುಮಾನಿ. ನಿನಗೆ ಏನನ್ನಿಸುತ್ತೆ?

ಇನ್ನೊಂದು ತಮಾಷೆ. ಶಾಪ ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಆಸ್ತಿ ಅಳಿಯ ವಾಲ್ಟರ್ ಡಿ ಬೋಷಾಂಗೆ ಹೋಯಿತು. ಆ ವಂಶದವರೇ 1268ರಲ್ಲಿ ವಾರಿಕ್‌ನ ಅರ್ಲ್‌ಗಳಾದರು.

ಆ ಸ್ಮಶಾನದ ಜಾಗ? ಇಂಗ್ಲೆಂಡಿನ ಜಾನ್ ರಾಜನನ್ನು 1216ರಲ್ಲಿ ವುಸ್ಟರ್‌ನ ಇದೇ ಮಠದ ಚರ್ಚಿನಲ್ಲಿ ಹೂಳಿದರು. ಮರುವರ್ಷ ಕೋಟೆಯ ಅಂಗಳ ಮಠಕ್ಕೆ ವಾಪಸ್ ಬಂತು.

ನಿನ್ನ,
ಹಳೇ ಗೆಳೆಯ