ಮಾಡು ಸೋರಲಿಲ್ಲ, ನಿಮಗೆಲ್ಲ ನಮಸ್ಕಾರ

ಜೋರು ಮಳೆಯ ಆಟಿ ತಿಂಗಳು ಕಳೆಯಿತು, ಅದರ ಮುಂದಿನ ಸೋಣವೂ ಮುಗಿಯುತ್ತಾ ಬಂತು. ಬದಿಯಡ್ಕದ ಒಳಭಾಗದಲ್ಲಿರುವ ನಮ್ಮ ಹಳೆ ಮನೆಯನ್ನು ಕೆಡವದೆ ರಿಪೇರಿ ಮಾಡಿಸಿದೆವು, ಈ ಸಲ ಒಳಗೆ ಒಂದು ಹನಿ ನೀರೂ ಬೀಳಲಿಲ್ಲ. ಚಾವಡಿಯಲ್ಲಿ ಬಕೆಟ್ ಇಡಲಿಲ್ಲ, ಉಪ್ಪರಿಗೆಯಲ್ಲಿ ಟಾರ್ಪಾಲು ಹಾಸಲಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಮಾಡಿಗೆ, ಅಂದರೆ ಹಂಚಿನ ಛಾವಣಿಗೆ, ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಆ ಪರೀಕ್ಷೆ ಮುಗಿಯಲಿ, ಆಮೇಲೆ ಎಲ್ಲರಿಗೂ ಹೇಳೋಣ ಅಂತ ಕಾದಿದ್ದೆ. ಈಗ ಹೇಳುತ್ತೇನೆ.

ಮೊದಲು ಕುಟುಂಬದವರಿಗೆ. ನಾನು ಈ ಮನೆಗೆ ಸೊಸೆಯಾಗಿ ಬಂದವಳು. ಮನೆಗೆ ಪಾಲುದಾರರು ಹಲವರು, ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಇನ್ನೂ ದೂರದಲ್ಲಿ ಇರುವವರು. ಬಾಗಿಲು, ದಾರಂದ, ಮುಚ್ಚಿಗೆಯ ಹಲಗೆ ಎಲ್ಲಾ ಸೇರಿಸಿ ಒಳ್ಳೆ ರೇಟು ಹೇಳಿದ ವ್ಯಾಪಾರಿಗಳು ಬಂದಿದ್ದರು. ಕೆಡವಿ ಟೆರೇಸಿನ ಮನೆ ಕಟ್ಟಿದರೆ ಸುಲಭ ಎಂದವರೂ ಇದ್ದರು. ನನ್ನ ಅತ್ತೆ ಒಂದೇ ಮಾತು ಹೇಳಿದರು: "ಬಾಗಿಲು ಮಾರಿದ ದುಡ್ಡಲ್ಲಿ ಮತ್ತೆ ಇಂಥಾ ಬಾಗಿಲು ಮಾಡಿಸ್ಲಿಕ್ಕೆ ಆಗ್ತದಾ?" ಯಾರೂ ಉತ್ತರ ಕೊಡಲಿಲ್ಲ. ಭಾವಂದಿರು, ಅತ್ತಿಗೆಯವರು ಎಲ್ಲರೂ ರಿಪೇರಿಗೆ ಒಪ್ಪಿ ರುಜು ಹಾಕಿ ಕೊಟ್ಟರು. ಪಾಲಿನ ಮನೆ ಅಂದರೆ ಅದೆಷ್ಟು ಕಷ್ಟದ ವಿಷಯ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ.

ಕಾಗದಪತ್ರದ ಕೆಲಸಕ್ಕೆ ಜೊತೆಯಾದ ನಿವೃತ್ತ ಮೇಷ್ಟ್ರಿಗೂ ನಮಸ್ಕಾರ. ನಮ್ಮ ಹಳೆ ದಾಖಲೆಗಳು ಈ ಊರು ಮದ್ರಾಸಿನ ಕೈಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ್ದು, ಕನ್ನಡದಲ್ಲಿವೆ. 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರಿದ ಮೇಲಿನದ್ದು ಮಲಯಾಳದಲ್ಲಿವೆ. ಎರಡನ್ನೂ ಓದಿ ತಾಳೆ ನೋಡುವವರು ಈಗ ಕಡಿಮೆ. ಅವರು ಜಗಲಿಯಲ್ಲಿ ಕೂತು, ಕನ್ನಡಕ ಒರೆಸಿ ಒರೆಸಿ, ಸಾಲು ಸಾಲಾಗಿ ಓದಿ ಹೇಳಿದರು. ಒಂದು ಲೋಟ ಕಾಫಿಗಿಂತ ಜಾಸ್ತಿ ಏನೂ ತೆಗೆದುಕೊಳ್ಳಲಿಲ್ಲ.

ಇನ್ನು ಮರದ ಕೆಲಸದ ಆಚಾರಿಯವರು. ಅವರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು.

ಹಂಚು ಹೊರುವ ಓರೆ ಮರಗಳು, ಅಂದರೆ ಮಾಡಿನ ಪಕ್ಕಾಸುಗಳು, ಅವುಗಳ ತುದಿ ಗೋಡೆಯ ಮೇಲೆ ಕೂರುವಲ್ಲಿ ಕಪ್ಪಾಗಿ ಮೆತ್ತಗಾಗಿದ್ದವು. ನೋಡಿದವರೆಲ್ಲ ಪೂರ್ತಿ ಬದಲಿಸಿ, ಕಬ್ಬಿಣದ ಪೈಪ್ ಹಾಕಿ ಅಂದಿದ್ದರು. ಆಚಾರಿಯವರು ಏಣಿ ಹತ್ತಿ ಒಂದೊಂದನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರು. ಗಟ್ಟಿ ಮರದ ಶಬ್ದ ಬೇರೆ, ಒಳಗೆ ಒರಲೆ (ಗೆದ್ದಲು) ತಿಂದ ಮರದ ಶಬ್ದ ಬೇರೆ. ಸಂಶಯ ಬಂದಲ್ಲಿ ಉಳಿಯ ಮೊನೆ ಚುಚ್ಚಿ ನೋಡಿದರು. ಕೆಳಗಿಳಿದು ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದರು: "ಮರಕ್ಕೆ ಜೀವ ಉಂಟು. ತುದಿ ಮಾತ್ರ ಹೋದದ್ದು. ಪೂರ್ತಿ ತೆಗೆಯುವುದು ಯಾಕೆ?"

ಹಾಳಾದ ತುದಿಯನ್ನು ಓರೆಯಾಗಿ ಕತ್ತರಿಸಿದರು. ಅಷ್ಟೇ ಓರೆಗೆ ಹಲಸಿನ ಮರದ ತುಂಡು ಕೆತ್ತಿ, ಕಚ್ಚಿಗೆ ಕಚ್ಚು ಕೂರಿಸಿ, ಮರದ ಬೆಣೆ ಹೊಡೆದು ಬಿಗಿ ಮಾಡಿದರು. ಆ ಜಾಗದಲ್ಲಿ ಕಬ್ಬಿಣದ ಮೊಳೆ ಬೇಡವೇ ಬೇಡ ಅಂದರು. ನಮ್ಮ ಮಳೆಗೆ ಮೊಳೆ ತುಕ್ಕು ಹಿಡಿದರೆ ಸುತ್ತಲಿನ ಮರವೂ ಹಾಳಾಗುತ್ತದೆ. ಕೊನೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದರು. ಕೈಗೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುವ ಎಣ್ಣೆ ಅದು, ಒರಲೆ ಹತ್ತಿರ ಬರುವುದಿಲ್ಲ.

ಪಕ್ಕಾಸು ಇಳಿಸುವಾಗ ಇನ್ನೊಂದು ಸಂಗತಿ ಸಿಕ್ಕಿತು. ಪ್ರತಿಯೊಂದರ ತಲೆಭಾಗದಲ್ಲಿ ಉಳಿಯಿಂದ ಹೊಡೆದ ಗೀಟುಗಳು. ಒಂದು ಗೀಟು, ಎರಡು ಗೀಟು, ಒಂದರ ಮೇಲೊಂದು ಅಡ್ಡ ಗೀಟು. ಹಿಂದಿನ ಆಚಾರಿಗಳು ಇಡೀ ಮಾಡನ್ನು ಅಂಗಳದಲ್ಲೇ ಜೋಡಿಸಿ ನೋಡಿ, ಗುರುತು ಹಾಕಿ, ಮತ್ತೆ ಬಿಚ್ಚಿ ಮೇಲೇರಿಸುತ್ತಿದ್ದರಂತೆ. ನಮ್ಮ ಆಚಾರಿಯವರು ಆ ಗೀಟುಗಳ ಮೇಲೆ ಬೆರಳಾಡಿಸಿ, ಯಾವುದು ಎಲ್ಲಿಯದು ಅಂತ ಹುಡುಗರಿಗೆ ಹೇಳುತ್ತಾ ಹೋದರು. ತುಂಬಾ ಹಾಳಾಗಿ ಬದಲಿಸಲೇಬೇಕಾದ ಕೆಲವಿದ್ದವು. ಅವುಗಳ ಜಾಗಕ್ಕೆ ಬಂದ ಹೊಸ ಮರದಲ್ಲೂ ಅದೇ ಗೀಟು ಕೆತ್ತಿಸಿದರು. ಮುಂದೆ ಇದನ್ನು ಬಿಚ್ಚುವವನಿಗೆ ಬೇಕಾಗುತ್ತದೆ ಅಂದರು. ಆಚಾರಿಯವರೇ, ಆ ಮಾತು ಕೇಳಿದಾಗ ನನಗೆ ಗಂಟಲು ಕಟ್ಟಿತ್ತು. ಆಗ ಹೇಳಲಿಕ್ಕೆ ಆಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಗೋಡೆಯದ್ದು ಬೇರೆ ಕಥೆ. ಮನೆ ಮುರಕಲ್ಲಿನದ್ದು, ಅಂದರೆ ಜಂಬಿಟ್ಟಿಗೆಯದ್ದು. ಅಗೆದು ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು. ಈ ಕರಾವಳಿಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಬಂದ ತನ್ನ ಪ್ರವಾಸದ ಪುಸ್ತಕದಲ್ಲಿ ಇದನ್ನೇ ಬರೆದಿದ್ದಾನೆ, ಗಾಳಿ ನೀರಿಗೆ ಇಟ್ಟಿಗೆಗಿಂತ ಚೆನ್ನಾಗಿ ತಡೆಯುತ್ತದೆ ಅಂತ. ಕೆಳದಿ ನಾಯಕರ ಕಾಲದ ಬೇಕಲ ಕೋಟೆ ಸಮುದ್ರದ ಗಾಳಿಗೆ ನಿಂತಿರುವುದೂ ಇದೇ ಕಲ್ಲಿನಲ್ಲಿ. ಆದರೆ ಇದು ತೂತು ತೂತಿನ ಕಲ್ಲು, ನೆಲದ ಪಸೆ ಎಳೆದುಕೊಳ್ಳುತ್ತದೆ. ಸುಣ್ಣದ ಸಾರಣೆಯಾದರೆ ಆ ಪಸೆ ಹೊರಗೆ ಹೋಗಿ ಒಣಗುತ್ತದೆ. ನಮ್ಮ ಪಡುಬದಿಯ ಗೋಡೆಗೆ ಹಿಂದೆ ಯಾವಾಗಲೋ ಸಿಮೆಂಟ್ ಸಾರಣೆ ಆಗಿತ್ತು. ಪಸೆಗೆ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೆ ಕಲ್ಲಿನ ಮುಖ ಪುಡಿಯಾಗಿತ್ತು.

ಮೇಸ್ತ್ರಿಯವರು ಆ ಸಿಮೆಂಟನ್ನು ಸಣ್ಣ ಉಳಿಯಲ್ಲಿ ಬಿಡಿಸಿದರು. ಮೆಷಿನ್ ಹಚ್ಚಿದ್ದರೆ ಬೇಗ ಆಗುತ್ತಿತ್ತು, ಕಲ್ಲೂ ಜೊತೆಗೇ ಬರುತ್ತಿತ್ತು. ಬಿಡಿಸಿದ ಮೇಲೆ ಗೋಡೆಯನ್ನು ಬೇಸಿಗೆ ಪೂರ್ತಿ ಬರಿದಾಗಿ ಬಿಡಲು ಹೇಳಿದರು. ಕೆಲಸ ನಿಂತರೆ ಅವರ ಸಂಬಳವೂ ನಿಲ್ಲುತ್ತದೆ, ಗೊತ್ತಿದ್ದೇ ಹೇಳಿದರು. ಇದನ್ನು ನಾನು ಮರೆಯುವುದಿಲ್ಲ.

ಸುಣ್ಣದ ಕೆಲಸ ಗೊತ್ತಿದ್ದದ್ದು ನೀರ್ಚಾಲು ಕಡೆಯ ಒಬ್ಬ ಅಕ್ಕನಿಗೆ. ತುಳು ಮಾತಾಡುವವರು, ಹುಡುಗಿಯಾಗಿದ್ದಾಗ ತಾಯಿಯ ಜೊತೆ ಕಲಿತದ್ದು. ಹೊಳೆಯ ಚಿಪ್ಪು ಸುಟ್ಟ ಸುಣ್ಣ ತರಿಸಿ, ಅರಳಿಸಿ, ನೀರಿನಡಿ ವಾರಗಟ್ಟಲೆ ಇಟ್ಟರು. ಆಮೇಲೆ ಮರಳು ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಕಲಸಿದರು. ಕಲಸಿದ್ದನ್ನು ಕರಣೆಯಲ್ಲಿ ಎತ್ತಿ ಮಗುಚಿ ನೋಡುವರು. ಜಾರಿ ಬಿದ್ದರೆ ಇನ್ನೂ ಆಗಿಲ್ಲ, ಬೆಣ್ಣೆಯಂತೆ ಹಿಡಿದು ನಿಂತರೆ ಆಯಿತು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಹಾಗಾಗಿ ತೆಳ್ಳಗೆ ಹಚ್ಚಬೇಕು, ಅವಸರ ಮಾಡಬಾರದು. ಅಕ್ಕ ರಸಾಯನದ ಹೆಸರು ಹೇಳಲಿಲ್ಲ, "ಗಾಳಿ ಕುಡೀಲಿ" ಅಂದರು. ಈಗ ಆ ಗೋಡೆಗೆ ಕೈ ಇಟ್ಟರೆ ತಣ್ಣಗೆ ನಯವಾಗಿದೆ. ಮಳೆಗಾಲದಲ್ಲೂ ಬೂಸಲು ವಾಸನೆ ಇಲ್ಲ.

ಹಂಚು ಕೊಟ್ಟವರನ್ನು ನೆನೆಯಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಅಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಹೆಚ್ಚಿನವು ಈಗ ಇಲ್ಲ. ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ನೋಡಲು ಎಲ್ಲಾ ಒಂದೇ ಥರ, ಆದರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರ ಅಂಚಿನ ಗಾಡಿಗೆ (ತೋಡಿಗೆ) ಸರಿಯಾಗಿ ಕಚ್ಚುವುದಿಲ್ಲ. ಅಲ್ಲೇ ಸೋರುತ್ತದೆ. ಒಡೆದ ಹಂಚುಗಳ ಜಾಗಕ್ಕೆ ಅದೇ ಅಚ್ಚಿನದ್ದು ಬೇಕು ಅಂತ ಕುಂಬಳೆಯಿಂದ ಮುಳ್ಳೇರಿಯದವರೆಗೆ ಕೇಳಿದ್ದೆವು. ಕೊನೆಗೆ ಸಿಕ್ಕಿದ್ದು ತೋಟದಾಚೆಯ ನೆರೆಮನೆಯಲ್ಲಿ, ಅವರ ಹಳೆ ಹಟ್ಟಿಯ ಮಾಡಿನಲ್ಲಿ. ದನ ಈಗ ಇಲ್ಲ, ತೆಗೆದುಕೊಂಡು ಹೋಗಿ ಅಂದರು. ದುಡ್ಡು ಕೊಡಲು ಹೋದಾಗ ಬೇಜಾರು ಮಾಡಿಕೊಂಡರು. ಬ್ಯಾರ್ತಿ ಅಜ್ಜಿ, ನಿಮ್ಮ ಹಟ್ಟಿಯ ಹಂಚು ನಮ್ಮ ಚಾವಡಿಯ ಮೇಲಿದೆ, ಬಂದು ನೋಡಿ.

ಮೇ ಕೊನೆಯ ಹೊತ್ತಿಗೆ, ಮಳೆಗೆ ಮುಂಚೆ ಬರುವ ಪತ್ತನಾಜೆಗೆ ಮೊದಲು ಮಾಡು ಮುಚ್ಚಲೇಬೇಕಿತ್ತು. ಮೋಡ ಕಟ್ಟಿದ ಆ ಕೊನೆಯ ದಿನಗಳಲ್ಲಿ ಊರಿನ ಹುಡುಗರು, ಹುಡುಗಿಯರು ಅಂಗಳದಿಂದ ಏಣಿಯ ತನಕ ಸಾಲು ನಿಂತು ಕೈಯಿಂದ ಕೈಗೆ ಹಂಚು ದಾಟಿಸಿದರು. ತುಳು, ಮಲಯಾಳ, ಕನ್ನಡ, ಕರಾಡ ಮರಾಠಿ ಎಲ್ಲಾ ಆ ಸಾಲಿನಲ್ಲಿತ್ತು. ಅವರಿಗೆಲ್ಲ ಹಲಸಿನ ಹಣ್ಣಿನ ಕೊಟ್ಟಿಗೆ (ಆವಿಯಲ್ಲಿ ಬೇಯಿಸಿದ ಕಡುಬು), ಮಜ್ಜಿಗೆ ನೀರು ಮಾಡಿ ಕೊಟ್ಟ ಅಕ್ಕಂದಿರಿಗೂ ನಮಸ್ಕಾರ.

ನಾನು ಭೇಟಿಯಾಗದ ಒಬ್ಬರಿಗೂ ನಾವು ಋಣಿ. ಮಣಿಪಾಲದ ವಿಜಯನಾಥ ಶೆಣೈಯವರು 2017ರಲ್ಲಿ ತೀರಿಕೊಂಡರು. ಕೆಡವಲು ಹೊರಟ ಮನೆಗಳನ್ನು ಅವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ಅಲ್ಲಿ ನೋಡಿದ ಮೇಲೆಯೇ ನನ್ನ ಗಂಡನಿಗೆ ಧೈರ್ಯ ಬಂದದ್ದು. ದೊಡ್ಡವರ ಮನೆಗಳು ಸ್ಮಾರಕವಾಗಿಯಾದರೂ ಉಳಿಯುತ್ತವೆ, ಮಂಜೇಶ್ವರದ ಗೋವಿಂದ ಪೈಗಳ ಮನೆಯ ಹಾಗೆ. ನಮ್ಮಂಥವರ ಮನೆ ಉಳಿಯಬೇಕಾದರೆ ಅಲ್ಲಿ ಒಲೆ ಉರಿಯಬೇಕು, ಮಕ್ಕಳು ಓಡಾಡಬೇಕು. ನಾವು ಅಲ್ಲೇ ಇದ್ದೇವೆ.

ಹಟ್ಟಿಯ ಹಂಚಿನಲ್ಲಿ ಸ್ವಲ್ಪ ಉಳಿದಿದೆ, ಕೊಟ್ಟಿಗೆಯಲ್ಲಿ ಒಟ್ಟಿ ಇಟ್ಟಿದ್ದೇವೆ. ಹಳೆ ಮಾಡು ರಿಪೇರಿ ಮಾಡಿಸುವವರು ನಿಮ್ಮ ಮನೆಯ ಹಂಚಿನದ್ದೊಂದು ತುಂಡು ತನ್ನಿ. ಅಚ್ಚು ಹೊಂದಿದರೆ ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಸುಣ್ಣದ ಅಕ್ಕ ಕಲಿಸಲು ತಯಾರಿದ್ದಾರೆ, ಮುಂದಿನ ಬೇಸಿಗೆಗೆ ಅಡಿಗೆಮನೆಯ ಗೋಡೆ ಬಾಕಿ ಇದೆ. ಕಲಿಯುವ ಮನಸ್ಸಿದ್ದವರು ಆಗ ಬನ್ನಿ.