1971ಕ್ಕೆ ಮೊದಲು ಅಚ್ಚಾಗಲು ಸಾಧ್ಯವೇ ಇಲ್ಲದ ‘1958ರ ಪುಸ್ತಕ’: ಹಣ ಹಿಂತಿರುಗಿಸಲು ಕೋರಿ ದೂರು

ಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಹಳೆಯ ಪುಸ್ತಕಗಳ ಆನ್‌ಲೈನ್ ಮಳಿಗೆ, ಬೆಂಗಳೂರು

ವಿಷಯ: ಯುರೋಪಿನ ನಾವಿಕರನ್ನು ಕುರಿತ ಮೂರು ಹಳೆಯ ಮಕ್ಕಳ ಪುಸ್ತಕಗಳನ್ನು ತಪ್ಪು ವಿವರ ನೀಡಿ ಮಾರಿರುವ ಬಗ್ಗೆ.

ಮಾನ್ಯರೇ,

ಇಂಗ್ಲೆಂಡಿನ ಲೇಡಿಬರ್ಡ್ ಮಾಲೆಯ ಮೂರು ಪುಸ್ತಕಗಳನ್ನು ಕಳೆದ ತಿಂಗಳು ನಿಮ್ಮಿಂದ ತರಿಸಿಕೊಂಡೆ. ಒಂದು ಕ್ಯಾಪ್ಟನ್ ಕುಕ್‌ನದು, ಒಂದು ಕೊಲಂಬಸ್‌ನದು, ಇನ್ನೊಂದು ವಾಲ್ಟರ್ ರಾಲೀಯದು. ‘ಮೊದಲ ಮುದ್ರಣ, ಡಸ್ಟ್ ಜಾಕೆಟ್ (ರಟ್ಟಿನ ಮೇಲೆ ಸುತ್ತುವ ಬಿಡಿ ಕಾಗದದ ಹೊದಿಕೆ) ಸಹಿತ, ಪುಟಗಳು ಪೂರ್ಣ, ಒಳಗೆ ಯಾವ ಬರಹವೂ ಇಲ್ಲ’ ಎಂದು ನಿಮ್ಮ ಜಾಲತಾಣದಲ್ಲಿತ್ತು. ಆ ಮಾತನ್ನು ನಂಬಿಯೇ 7,500 ರೂಪಾಯಿ ತೆತ್ತೆ.

ಮೊದಲು ಕುಕ್ ಪುಸ್ತಕದ ವಿಷಯ. ಇದು 1958ರ ಪ್ರತಿ ಎಂದಿರಿ. ಆದರೆ ಅದರ ಮೇಲೆ ಅಚ್ಚಾಗಿರುವ ಬೆಲೆ ‘15ಪಿ’. ಬ್ರಿಟನ್ನಿನಲ್ಲಿ ಪೌಂಡಿಗೆ ನೂರು ಹೊಸ ಪೆನ್ನಿ (ಗುರುತು ‘ಪಿ’) ಎಂಬ ದಶಮಾಂಶ ಪದ್ಧತಿ ಜಾರಿಗೆ ಬಂದದ್ದು 1971ರ ಫೆಬ್ರವರಿ 15ರಂದು. ಅದಕ್ಕೆ ಮೊದಲು ಪೌಂಡಿಗೆ 240 ಪೆನ್ನಿ, ಅದರ ಗುರುತು ‘ಡಿ’. ಲೇಡಿಬರ್ಡ್ ಪುಸ್ತಕಗಳ ಬೆಲೆಯಂತೂ ಬಹುಕಾಲ ಎರಡು ಷಿಲಿಂಗ್ ಆರು ಪೆನ್ಸ್ (ಹೊಸ ಲೆಕ್ಕದಲ್ಲಿ ಹನ್ನೆರಡೂವರೆ ಪೆನ್ನಿ) ದಾಟಿರಲಿಲ್ಲ. ಇದನ್ನು ತಿಳಿಸಿದಾಗ ನಿಮ್ಮ ಸಿಬ್ಬಂದಿ ಒಳಪುಟದ ‘1958’ರ ಫೋಟೋ ತೆಗೆದು ಕಳುಹಿಸಿದರು. ಅದು ಕೃತಿಸ್ವಾಮ್ಯದ ವರ್ಷ. ಲೇಡಿಬರ್ಡ್‌ನವರು ಮರುಮುದ್ರಣಗಳಲ್ಲಿ ಆ ವರ್ಷವನ್ನು ಹಾಗೆಯೇ ಉಳಿಸಿಕೊಳ್ಳುತ್ತಿದ್ದರು. ಪ್ರತಿಯ ವಯಸ್ಸನ್ನು ಬೆಲೆ, ಹೊದಿಕೆ, ಕೊನೆಯಲ್ಲಿರುವ ಪುಸ್ತಕಗಳ ಪಟ್ಟಿ ಇವುಗಳಿಂದಲೇ ಊಹಿಸಬೇಕು. ಹೊದಿಕೆಯೂ ನನ್ನ ಮಾತನ್ನೇ ಹೇಳುತ್ತದೆ. ಡಸ್ಟ್ ಜಾಕೆಟ್ ಹಾಕುವ ರೂಢಿ 1960ರ ದಶಕದ ಮಧ್ಯಭಾಗದಲ್ಲೇ ನಿಂತು, ಚಿತ್ರ ನೇರವಾಗಿ ರಟ್ಟಿನ ಮೇಲೆಯೇ ಅಚ್ಚಾಗತೊಡಗಿತು. ನೀವು ಕಳುಹಿಸಿರುವ ಕುಕ್ ಅಂಥ ರಟ್ಟಿನವನು. ಹಳೆಯ ಪುಸ್ತಕ ಮಾರುವುದನ್ನೇ ಕಸುಬು ಮಾಡಿಕೊಂಡವರಿಗೆ ಇದನ್ನು ಗಿರಾಕಿ ಹೇಳಿಕೊಡಬೇಕೇ?

ಅದೇ ಪುಸ್ತಕದಲ್ಲಿ 22ನೇ ಪುಟದ ನಂತರ ನೇರವಾಗಿ 27 ಬರುತ್ತದೆ. ಈ ಮಾಲೆಯಲ್ಲಿ ಎಡಕ್ಕೆ ಪಠ್ಯ, ಬಲಕ್ಕೆ ಅದರ ಚಿತ್ರ. ನಡುವಿನ ಎರಡು ಹಾಳೆಗಳು ಕಿತ್ತುಹೋಗಿರುವುದರಿಂದ ಎಡಗಡೆಯ ಕಥೆಗೂ ಬಲಗಡೆಯ ಚಿತ್ರಕ್ಕೂ ಸಂಬಂಧವೇ ಇಲ್ಲ. ‘ಪುಟಗಳು ಪೂರ್ಣ’ ಎಂದು ಬರೆದವರು ಪುಸ್ತಕ ತೆರೆದು ನೋಡಿಲ್ಲ ಎಂದೇ ನನ್ನ ತೀರ್ಮಾನ.

ರಾಲೀಗೆ ಡಸ್ಟ್ ಜಾಕೆಟ್ ಇದೆ, ಆದರೆ ಅದು ಹೊಳಪಿನ ಹೊಸ ಕಾಗದದ ಮೇಲೆ ತೆಗೆದ ಬಣ್ಣದ ಜೆರಾಕ್ಸ್. ಮೂಲ ಜಾಕೆಟ್ಟಿನ ಮಡಿಕೆಯ ಗೆರೆ ಕೂಡ ಅದರಲ್ಲಿ ಚಿತ್ರವಾಗಿ ಮೂಡಿದೆ! ಕೊಲಂಬಸ್ ಪುಸ್ತಕದಲ್ಲಿ ಯಾವುದೋ ಮಗು ನಾವಿಕರಿಗೆಲ್ಲ ಹಸಿರು ಮೀಸೆ ಬರೆದಿದೆ. ಮಗುವಿನ ಮೇಲೆ ನನಗೆ ಕೋಪವಿಲ್ಲ, ಮೀಸೆ ಚೆನ್ನಾಗಿಯೇ ಇದೆ. ‘ಯಾವ ಬರಹವೂ ಇಲ್ಲ’ ಎಂದ ನಿಮ್ಮ ಮೇಲಿದೆ. ಮಳೆಗಾಲದಲ್ಲಿ ಬರೀ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಳುಹಿಸಿದ್ದರಿಂದ ಮೂರರ ಮೂಲೆಗಳೂ ನಜ್ಜಾಗಿವೆ.

‘ಹಳೆಯ ಪುಸ್ತಕ ಎಂದರೆ ಹೀಗೆಯೇ ಸರ್, ಒಳಗಿನ ಕಥೆ ಅದೇ ತಾನೆ’ ಎಂಬ ಉತ್ತರ ಫೋನಿನಲ್ಲಿ ಸಿಕ್ಕಿತು. ಕಥೆ ಅದೇ ಆಗಿರುವುದರಿಂದಲೇ ವರ್ಷ ಮುಖ್ಯ. ಹಿಂದೆ ಮಕ್ಕಳಿಗೆ ಈ ನಾವಿಕರನ್ನು ಹೇಗೆ ಪರಿಚಯಿಸುತ್ತಿದ್ದರು ಎಂಬುದರ ಮೇಲೆ ಇಲ್ಲಿನ ಶಾಲೆಯೊಂದರಲ್ಲಿ ಪ್ರದರ್ಶನ ಏರ್ಪಡಿಸುತ್ತಿದ್ದೇನೆ. 1958ರಲ್ಲಿ ಕುಕ್‌ನ ಸಾಹಸ ಓದಿದ ಇಂಗ್ಲಿಷ್ ಮಗುವಿನ ಭೂಪಟದಲ್ಲಿ ನೈಜೀರಿಯಾ, ಕೀನ್ಯಾ ಇನ್ನೂ ಬ್ರಿಟಿಷರ ಕೈಯಲ್ಲಿದ್ದವು. 15 ಹೊಸ ಪೆನ್ನಿ ಕೊಟ್ಟು ಕೊಂಡ ಮಗುವಿನ ಕಾಲಕ್ಕೆ ಅವೆರಡೂ ಸ್ವತಂತ್ರ ದೇಶಗಳು. ನಾವೂ ಕಡಿಮೆಯಿಲ್ಲ: ಆಫ್ರಿಕಾದ ಮಾಲಿಂದಿಯಲ್ಲಿ ದಾರಿ ಬಲ್ಲವನೊಬ್ಬನನ್ನು ಹತ್ತಿಸಿಕೊಂಡು 1498ರಲ್ಲಿ ಕಲ್ಲಿಕೋಟೆ ಮುಟ್ಟಿದ ವಾಸ್ಕೋ ಡ ಗಾಮನನ್ನು, ಭಾರತಕ್ಕೆ ಜಲಮಾರ್ಗ ಕಂಡುಹಿಡಿದವನೆಂದು ಬಾಯಿಪಾಠ ಮಾಡಿದವರು. ಇಂಥ ಪ್ರದರ್ಶನದಲ್ಲಿ 1971ರ ನಂತರದ ಪ್ರತಿಯ ಕೆಳಗೆ ‘1958’ ಎಂಬ ಚೀಟಿ ಅಂಟಿಸಲು ನಾನು ಸಿದ್ಧನಿಲ್ಲ.

‘ಮಾರಿದ ಹಳೆಯ ಪುಸ್ತಕ ವಾಪಸ್ ಇಲ್ಲ’ ಎಂಬ ನಿಮ್ಮ ಷರತ್ತು ಇಲ್ಲಿ ನಿಲ್ಲುವುದಿಲ್ಲ. ಜಾಹೀರಾತಿನ ವಿವರಕ್ಕೆ ಹೊಂದದ ವಸ್ತುವನ್ನು ಮರಳಿ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬುದೂ ಅದರಲ್ಲೇ ಇದೆ.

ಆದ್ದರಿಂದ ಮೂರೂ ಪುಸ್ತಕಗಳನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ತರಿಸಿಕೊಂಡು, ಕೊರಿಯರ್ ಶುಲ್ಕವೂ ಸೇರಿದಂತೆ ಪೂರ್ತಿ ಹಣವನ್ನು ನನ್ನ ಖಾತೆಗೆ ಜಮಾ ಮಾಡಬೇಕು. ಹಣದ ಬದಲು ನೀವು ಕೊಡುತ್ತೇವೆಂದ ಕೂಪನ್ ನನಗೆ ಬೇಡ. ಜಾಲತಾಣದಲ್ಲಿರುವ ಉಳಿದ ಲೇಡಿಬರ್ಡ್ ಪುಸ್ತಕಗಳ ವಿವರವನ್ನೂ ತಿದ್ದಿ. ‘1957ರ ಮೊದಲ ಮುದ್ರಣ’ ಎಂದು ಹಾಕಿರುವ ಇನ್ನೊಂದು ಪುಸ್ತಕದ ಫೋಟೋದಲ್ಲಿ ‘24ಪಿ’ ಬೆಲೆ ಸ್ಪಷ್ಟವಾಗಿ ಕಾಣುತ್ತಿದೆ. ಒಂದು ತಿಂಗಳಲ್ಲಿ ಹಣ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ಫೋನ್ ಸಂಖ್ಯೆ 1915) ದೂರು ದಾಖಲಿಸಿ, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬೆಲೆ, ಪುಟಸಂಖ್ಯೆ ಮತ್ತು ಜೆರಾಕ್ಸ್ ಜಾಕೆಟ್ಟಿನ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು