ಈ ವಾರ ಕೇಳೋ ಆಲ್ಬಂ: ಜೆ ಡಿಲ್ಲಾ ಅವ್ರ 'ದ ಡೈರಿ'

ಎಲ್ರಿಗೂ ನಮಸ್ಕಾರ, ಭಾನುವಾರದ ಮಾತುಕತೆಗೆ 'ದ ಡೈರಿ' ಇಟ್ಕೊಂಡಿದೀವಿ, ಅದಕ್ಕೆ ಮುಂಚೆ ಒಂದ್ಸಲ ಪೂರ್ತಿ ಕೇಳ್ಕೊಂಡು ಬನ್ನಿ ಪ್ಲೀಸ್. 2002ರ ಹೊತ್ತಿಗೆ ರೆಕಾರ್ಡ್ ಆಗಿದ್ದು, ಹೊರಗ್ ಬಂದಿದ್ದು 2016ರಲ್ಲಿ, ಅಷ್ಟೊತ್ತಿಗೆ ಡೆಟ್ರಾಯಿಟ್‌ನ ಈ ಹಿಪ್-ಹಾಪ್ ಪ್ರೊಡ್ಯೂಸರ್ ಡಿಲ್ಲಾ ತೀರ್ಕೊಂಡು ಹತ್ತು ವರ್ಷ ಆಗಿತ್ತು, ಹೋದಾಗ ಬರೀ 32 ವಯಸ್ಸು.

ಆಲ್ಬಂ ಅಷ್ಟು ವರ್ಷ ಯಾಕೆ ನಿಂತೋಯ್ತು ಅಂತ ಕೆಲವ್ರು ಕೇಳಿದ್ರಿ. ಹಾಡು ಚೆನ್ನಾಗಿಲ್ಲ ಅಂತ ಅಲ್ವೇ ಅಲ್ಲ. ಎಂಸಿಎ ಅನ್ನೋ ರೆಕಾರ್ಡ್ ಕಂಪನಿ ಜೊತೆ ಡೀಲ್ ಆಗಿತ್ತು, ಬೀಟ್ (ರಾಪ್ ಹಿಂದೆ ಬರೋ ಸಂಗೀತ) ಮಾಡೋದ್ರಲ್ಲೇ ಹೆಸರಾದ ಡಿಲ್ಲಾ ಈ ಸಲ ಮೈಕ್ ಹಿಡ್ದು ತಾವೇ ರಾಪ್ ಮಾಡೋಕೆ ಹೊರಟ್ರು, ಮ್ಯಾಡ್‌ಲಿಬ್, ಪೀಟ್ ರಾಕ್ ಅಂಥ ಬೇರೆ ಪ್ರೊಡ್ಯೂಸರ್‌ಗಳ ಬೀಟ್ ಮೇಲೆ, ಅಷ್ಟರಲ್ಲಿ ಕಂಪನಿ ಒಳಗೆ ಜನ ಬದಲಾದ್ರು, 2003ರಲ್ಲಿ ಎಂಸಿಎನೇ ಗೆಫೆನ್ ಅನ್ನೋ ಇನ್ನೊಂದು ರೆಕಾರ್ಡ್ ಕಂಪನಿ ಒಳಗೆ ಸೇರೋಯ್ತು, ಆಲ್ಬಂ ಪರ ನಿಲ್ಲೋರೇ ಇಲ್ದಂಗಾಯ್ತು. ಫ್ರಾಂಕ್ ಅಂಡ್ ಡ್ಯಾಂಕ್ ಅನ್ನೋ ರಾಪ್ ಜೋಡಿಗೆ ಡಿಲ್ಲಾ ಮಾಡ್ಕೊಟ್ಟಿದ್ದ ಆಲ್ಬಂಗೂ ಎಂಸಿಎಲಿ ಅದೇ ಗತಿ. ನಂಗೆ ತುಂಬಾ ಸಂಕಟ ಆಗೋದು ಇಲ್ಲೇ, ಅಷ್ಟು ಕೆಲಸ ಕಪಾಟಲ್ಲಿ ಕೂತ್ಬಿಡ್ತು.

ಆದ್ರೆ ಅವ್ರು ಸುಮ್ನೆ ಕೂರ್ಲಿಲ್ಲ, ಅದೇ 2003ರಲ್ಲಿ 'ರಫ್ ಡ್ರಾಫ್ಟ್' ಅನ್ನೋ ರೆಕಾರ್ಡ್ ತಂದ್ರು. ಟೈಮ್ ಇದ್ರೆ ಅದ್ನೂ ಕೇಳಿ, ಹೆಡ್‌ಫೋನ್ ಹಾಕ್ಕೊಂಡೇ ಕೇಳಿ.